ಕಾವಿಯುಟ್ಟು ಮರಿಯಮ್ಮನವರ ಬಳಿಗೆ

ಪ್ರಶ್ನೆ: ನಮ್ಮ ಬೀದಿಯಲ್ಲಿರುವ ಕ್ರೈಸ್ತ ಮನೆಯವರು ಪ್ರತಿ ವರ್ಷ ಆಗಸ್ಟ್ ಕೊನೆಯಲ್ಲಿ ಕಾವಿ ಬಟ್ಟೆ ಉಟ್ಟು, ಚರ್ಚಿನವರೆಲ್ಲ ಸೇರಿ ಬಸ್ಸು ಮಾಡಿಕೊಂಡು ವೇಳಾಂಕಣಿಗೆ ಹೋಗುತ್ತಾರೆ. ಕ್ರೈಸ್ತರು ಕಾವಿ ಉಡುವುದೇಕೆ? ಶಿವಾಜಿನಗರದಲ್ಲೇ ಮರಿಯಮ್ಮನವರ ದೊಡ್ಡ ಚರ್ಚ್ ಇರುವಾಗ ಅಷ್ಟು ದೂರ ಯಾಕೆ?
– ಬೆಂಗಳೂರಿನ ವಿಜಯನಗರದ ಓದುಗರು

ಉತ್ತರ: ಕಾವಿ ಉಡಬೇಕೆಂದು ಚರ್ಚಿನ ಕಟ್ಟಳೆಯೇನೂ ಇಲ್ಲ. ಅದು ಹರಕೆಯ ಬಟ್ಟೆ. ಮಗುವಾಗಲಿ, ಕಾಯಿಲೆ ವಾಸಿಯಾಗಲಿ ಎಂದು ಬೇಡಿಕೊಂಡವರು ಮಾಂಸ ಬಿಟ್ಟು, ಚಪ್ಪಲಿ ಬಿಟ್ಟು, ಕೊರಳಿಗೆ ಜಪಸರ ಹಾಕಿಕೊಂಡು ಕಾವಿ ಉಡುತ್ತಾರೆ. ನಮ್ಮ ಕಡೆ ವ್ರತ ಹಿಡಿದವರ ಬಣ್ಣ ಅದೇ ತಾನೆ? ಮತ ಬೇರೆಯಾದರೂ ವ್ರತ ಹಿಡಿಯುವ ರೀತಿ ಈ ನೆಲದ್ದಾಗಿಯೇ ಉಳಿಯಿತು. ಜನರಿಗಿಂತ ಮೊದಲು ಗುರುಗಳೂ ಕಾವಿ ಉಟ್ಟದ್ದುಂಟು. 1606ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸ್ವಿತ್ ರೊಬೆರ್ತೊ ದೆ ನೊಬಿಲಿ ಸಂನ್ಯಾಸಿಯಂತೆ ಬಾಳಿದರು. ಅದೇ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಲಿಯೊನಾರ್ಡೊ ಚಿನ್ನಮಿ ಕೂಡ ಅದೇ ದಾರಿ ಹಿಡಿದು ಕನ್ನಡ ಕಲಿತು ಕನ್ನಡದಲ್ಲೇ ಬರೆದರು.

ಶಿವಾಜಿನಗರದ ಕಥೆಯೂ ಇಂಥ ಒಬ್ಬ ಗುರುವಿನಿಂದಲೇ ಶುರುವಾಗುತ್ತದೆ. ಫ್ರಾನ್ಸಿನಿಂದ ಬಂದ ಅಬ್ಬೆ ದ್ಯೂಬ್ವಾ ಅವರನ್ನು ಮೈಸೂರು ಸೀಮೆಯ ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಊರೂರು ಸುತ್ತಿ ಸಿಡುಬಿನ ಲಸಿಕೆ ಹಾಕಿಸಿದವರೂ ಇವರೇ. 1818ರಲ್ಲಿ ಅವರು ಕಟ್ಟಿಸಿದ ಸಣ್ಣ ಗುಡಿಯ ಜಾಗದಲ್ಲಿ ಈಗಿನ ಎತ್ತರದ ಗೋಪುರದ ಚರ್ಚ್ ಎದ್ದು, 1882ರ ಸೆಪ್ಟೆಂಬರ್ 8ರಂದು ಅಭಿಷೇಕವಾಯಿತು. ಒಳಗೆ ಮರಿಯಮ್ಮನವರಿಗೆ ಸೀರೆ ಉಡಿಸಿರುತ್ತಾರೆ. ಅದೇ ಸೆಪ್ಟೆಂಬರ್ 8 ಮರಿಯಮ್ಮನವರ ಹುಟ್ಟಿದ ಹಬ್ಬ. ಅವರು ತಾಯಿಯ ಗರ್ಭದಲ್ಲಿ ಮೂಡಿದ ಹಬ್ಬವನ್ನು ಡಿಸೆಂಬರ್ 8ಕ್ಕೆ ಆಚರಿಸುವುದರಿಂದ ಲೆಕ್ಕಕ್ಕೆ ಸರಿಯಾಗಿ ಒಂಬತ್ತು ತಿಂಗಳು. ಮಂಗಳೂರಿನ ಕಡೆಯವರಿಗೆ ಅದೇ ದಿನ ಮೊಂತಿ ಹಬ್ಬ; ಹೊಸ ತೆನೆ ಮನೆಗೆ ಬರುತ್ತದೆ, ಮಕ್ಕಳು ಮರಿಯಮ್ಮನವರಿಗೆ ಹೂವೇರಿಸುತ್ತಾರೆ, ಊಟಕ್ಕೆ ಮೀನು ಮಾಂಸ ಇರುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಮರಿಯಮ್ಮನವರು ದೇವರಲ್ಲವೆಂದು ಕಥೋಲಿಕರು ಮಕ್ಕಳಿಗೆ ಧರ್ಮೋಪದೇಶದ ತರಗತಿಯಲ್ಲೇ ಕಲಿಸುತ್ತಾರೆ. ಆರಾಧನೆ ದೇವರೊಬ್ಬರಿಗೇ. ಮರಿಯಮ್ಮನವರಲ್ಲಿ ಕೇಳುವುದು, ನಮ್ಮ ಪರವಾಗಿ ಮಗನ ಹತ್ತಿರ ಒಂದು ಮಾತು ಹೇಳಮ್ಮ ಎಂದು.

ಇಷ್ಟು ಹತ್ತಿರದಲ್ಲಿ ತಾಯಿ ಇರುವಾಗ 400 ಕಿಲೋಮೀಟರಿಗೂ ಹೆಚ್ಚು ದೂರ ಹೋಗುವುದೇಕೆ ಎಂಬ ನಿಮ್ಮ ಎರಡನೆಯ ಪ್ರಶ್ನೆಯೇ ನನಗೆ ಮುಖ್ಯವಾಗಿ ಕಾಣುತ್ತದೆ. ವೇಳಾಂಕಣಿಯ ಆರೋಗ್ಯಮಾತೆಯ ಮಹಿಮೆ ಒಂದು ಕಾರಣ, ನಿಜ. ಮಜ್ಜಿಗೆ ಮಾರುವ ಹುಡುಗನ ಕಾಲು ನೆಟ್ಟಗಾದ ಕಥೆ, ಬಿರುಗಾಳಿಯಲ್ಲಿ ಪಾರಾದ ಪೋರ್ಚುಗೀಸ್ ನಾವಿಕರ ಕಥೆ ಎಲ್ಲ ಮನೆಗಳಲ್ಲೂ ಇವೆ. ಆದರೆ ನಗರದ ಪಶ್ಚಿಮ ಭಾಗದ ಧರ್ಮಕೇಂದ್ರಗಳನ್ನು ನೋಡಿದರೆ ಇನ್ನೊಂದು ಕಾರಣವೂ ತಿಳಿಯುತ್ತದೆ.

ರಾಜಾಜಿನಗರ 1949ರಲ್ಲಿ ಕೈಗಾರಿಕಾ ಉಪನಗರವಾಗಿ ಹುಟ್ಟಿದ್ದು. ವಿಜಯನಗರ, ಬಸವೇಶ್ವರನಗರ ಆಮೇಲಿನವು. ಕೆಲಸ ಹುಡುಕಿ ಬಂದವರ ಬಡಾವಣೆಗಳಿವು. ಕನಕಪುರದ ಕಡೆಯ ಹಾರೋಬೆಲೆ, ಮರಿಯಾಪುರಗಳ ಕನ್ನಡಿಗರು, ಕರಾವಳಿಯ ಕೊಂಕಣಿಯವರು, ತಮಿಳರು, ಮಲಯಾಳಿಗಳು ಒಂದೇ ಚರ್ಚಿನ ಬೆಂಚುಗಳಲ್ಲಿ ಕೂರುತ್ತಾರೆ. ಆದರೆ ಬೆಳಗಿನ ಪೂಜೆಗೆ ಬರುವವರು ಸಂಜೆ ಪೂಜೆಯವರನ್ನು ಕಂಡಿರುವುದಿಲ್ಲ, ಏಕೆಂದರೆ ಭಾಷೆಗೊಂದು ಪೂಜೆ. ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಲ್ಯಾಟಿನ್ನಿನ ಜಾಗಕ್ಕೆ ಜನರ ಭಾಷೆಯನ್ನು ತಂದಿತು. ಯಾವ ಜನರ ಭಾಷೆ ಎಂಬ ಜಗಳ ಬೆಂಗಳೂರಿನಲ್ಲಿ ದಶಕಗಟ್ಟಲೆ ನಡೆಯಿತು. ಕನ್ನಡಕ್ಕೆ ಅದರ ನೆಲದಲ್ಲೇ ಜಾಗ ಕೇಳಬೇಕಾಗಿ ಬಂದವರ ನೋವು ನ್ಯಾಯವಾದದ್ದು, ಒಂದು ಯಾತ್ರೆಯಿಂದ ಅದು ತೀರುವಂಥದ್ದೂ ಅಲ್ಲ.

ಆದರೆ ಬಸ್ಸಿನಲ್ಲಿ ಪೂಜೆಯ ವೇಳಾಪಟ್ಟಿ ಇಲ್ಲ. ರಾತ್ರಿ ಹೊಸೂರು ದಾಟುವಷ್ಟರಲ್ಲಿ ಜಪಸರ ಶುರುವಾಗುತ್ತದೆ. ಜಪಸರಕ್ಕೆ ಹತ್ತತ್ತು ಮಣಿಗಳ ಐದು ಸುತ್ತು. ಒಂದು ಸುತ್ತು ಕನ್ನಡದಲ್ಲಿ, ಮುಂದಿನದು ತಮಿಳಲ್ಲಿ, ಇನ್ನೊಂದು ಕೊಂಕಣಿಯಲ್ಲಿ. ಹೇಳಿಕೊಡುವವರ ಭಾಷೆ ಬಾರದವರು ತಮ್ಮ ಭಾಷೆಯಲ್ಲೇ ಉತ್ತರ ಕೊಟ್ಟರೂ ಲಯ ತಪ್ಪುವುದಿಲ್ಲ. ಸೇಲಂ, ತಿರುಚಿ, ತಂಜಾವೂರು ದಾಟಿ, ದಾರಿಯಲ್ಲಿ ಪೂಂಡಿ ಮಾತೆಯ ಬೆಸಿಲಿಕಾಕ್ಕೂ ಹೋಗಿ ಕಡಲ ತೀರ ಮುಟ್ಟುವ ಹೊತ್ತಿಗೆ ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಮನೆಯಲ್ಲಿ ಡಯಾಲಿಸಿಸ್ ನಡೆದಿದೆ ಎಲ್ಲವೂ ಎಲ್ಲರಿಗೂ ಗೊತ್ತಾಗಿರುತ್ತದೆ. ಅಲ್ಲಿ ಮುಡಿ ಕೊಟ್ಟು ಕಡಲಲ್ಲಿ ಮಿಂದು, ಮರಳ ಹಾದಿಯಲ್ಲಿ ಮೊಣಕಾಲೂರಿ ಸಾಗುವಾಗ, ಪಕ್ಕದಲ್ಲಿ ತೋಳು ಹಿಡಿದುಕೊಂಡವರು ಹಿಂದಿನ ದಿನದವರೆಗೆ ಹೆಸರೂ ತಿಳಿಯದವರಾಗಿರಬಹುದು. ಊರಿಲ್ಲದ ಬಡಾವಣೆಗೆ ಊರಿನ ಸಂಬಂಧ ಬೆಳೆಯುವುದು ಹೀಗೆ. ಶಿವಾಜಿನಗರಕ್ಕೆ ಒಬ್ಬೊಬ್ಬರೇ ಹೋಗಿ ಬರಬಹುದು. ವೇಳಾಂಕಣಿಗೆ ಜೊತೆ ಬೇಕು.

ಈ ಸಂಬಂಧ ಬಸ್ಸಿಳಿದ ಮೇಲೂ ಕೆಲಸಕ್ಕೆ ಬರುತ್ತದೆ. ಸಾವಾದ ಮನೆಯಲ್ಲಿ ರಾತ್ರಿಯಿಡೀ ಕೂರುವವರು, ಆಸ್ಪತ್ರೆಗೆ ಊಟ ಒಯ್ಯುವವರು, ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಮೂಲಕ ಬಡ ಮನೆಗಳಿಗೆ ಅಕ್ಕಿ ಬೇಳೆ ತಲುಪಿಸುವವರು ಬಹುಮಟ್ಟಿಗೆ ಇವರೇ. ನಿಮ್ಮ ಮನೆಯ ಹತ್ತಿರವೇ ಮಾಗಡಿ ರಸ್ತೆಯಲ್ಲಿ ಸುಮನಹಳ್ಳಿ ಜಂಕ್ಷನ್ ಇದೆಯಲ್ಲ, ಆ ಹೆಸರು ಬಂದದ್ದು ಅಲ್ಲಿನ ಕುಷ್ಠರೋಗಿಗಳ ಪುನರ್ವಸತಿ ಕೇಂದ್ರದಿಂದ. 1970ರ ದಶಕದಲ್ಲಿ ಸರ್ಕಾರ ಕೇಳಿಕೊಂಡದ್ದರಿಂದ ಬೆಂಗಳೂರು ಮಹಾಧರ್ಮಪ್ರಾಂತ್ಯ ಕಟ್ಟಿದ ಸಂಸ್ಥೆ ಅದು. ಫ್ಲೈಓವರ್ ಮೇಲೆ ದಿನವೂ ಓಡಾಡುವ ಎಷ್ಟೋ ಜನರಿಗೆ ಇದು ತಿಳಿದಿಲ್ಲವೆಂಬುದು ನನಗೆ ಬೇಸರದ ಸಂಗತಿ.

ನಿಮಗೂ ನೋಡುವ ಆಸೆಯಿದ್ದರೆ ಆಗಸ್ಟ್ 29ರಂದು ಶಿವಾಜಿನಗರದಲ್ಲಿ ಹಬ್ಬದ ಬಾವುಟ ಏರುತ್ತದೆ. ಅಲ್ಲಿಂದ ಒಂಬತ್ತು ದಿನ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳು, ಸೆಪ್ಟೆಂಬರ್ 8ರ ಸಂಜೆ ತೇರು. ಯಾವ ಮತದವರೆಂದು ಯಾರೂ ಕೇಳುವುದಿಲ್ಲ. 8ರಂದು ಸುತ್ತಲಿನ ರಸ್ತೆಗಳಲ್ಲಿ ಗಾಡಿ ಬಿಡುವುದಿಲ್ಲವಾದ್ದರಿಂದ ವಿಜಯನಗರದಿಂದ ನೇರಳೆ ಮಾರ್ಗದ ಮೆಟ್ರೋ ಹಿಡಿದು ಕಬ್ಬನ್ ಪಾರ್ಕಿನಲ್ಲಿ ಇಳಿದು ನಡೆಯಿರಿ. ಪಕ್ಕದ ಮನೆಯವರನ್ನು ಕೇಳಿದರೆ ಅವರೇ ಜೊತೆಗೆ ಕರೆದುಕೊಂಡು ಹೋದಾರು.