ಹೊಸ ಅಕ್ಕಿ ಮತ್ತು ಮುದ್ದೆಯಾಗುವ ಅನ್ನ

ಪ್ರಶ್ನೆ ಕೇಳಿರುವ ಓದುಗರ ಮನೆಯಲ್ಲಿ ಹಳೆಯ ಸೋನಾಮಸೂರಿಗೆ ಒಗ್ಗಿದ್ದ ಒಂದಕ್ಕೆ ಎರಡೂವರೆ ಅಳತೆಯ ನೀರು ಹೊಸ ಅಕ್ಕಿಗೆ ಹೆಚ್ಚಾಗಿ ಅನ್ನ ಮುದ್ದೆಯಾಗುತ್ತಿರುವುದು ಸಹಜವೇ ಆಗಿದೆ. ಕೊಯ್ಲಾಗಿ ಕೆಲವೇ ತಿಂಗಳಾದ ಅಕ್ಕಿ ಬೇಗ ಮೆತ್ತಗಾಗಿ ಅಂಟಿಕೊಂಡರೆ, ವರ್ಷ ಕಳೆದದ್ದು ಹೆಚ್ಚು ನೀರು ಕುಡಿದೂ ಬಿಡಿಬಿಡಿಯಾಗಿ ಅರಳುತ್ತದೆ. ಆದುದರಿಂದ ಇಂಗಿಸುವ ಕ್ರಮಕ್ಕಿಂತ, ಅಂದರೆ ಅಳೆದು ಹಾಕಿದ ನೀರೆಲ್ಲವನ್ನೂ ಅಕ್ಕಿಯೇ ಹೀರುವಂತೆ ಬೇಯಿಸುವುದಕ್ಕಿಂತ, ಹೊಸ ಅಕ್ಕಿಗೆ ಬಸಿಯುವ ಕ್ರಮವೇ ಮೇಲು. ಅಕ್ಕಿಯ ಐದಾರು ಪಟ್ಟು ಎಸರು, ಎಂದರೆ ಅನ್ನಕ್ಕೆಂದು ಒಲೆಯ ಮೇಲಿಟ್ಟ ನೀರು, ಚೆನ್ನಾಗಿ ಮರಳಿದ ಮೇಲೆ ತೊಳೆದ ಅಕ್ಕಿಯನ್ನು ಹಾಕಿ, ಒಮ್ಮೆ ತಳದಿಂದ ಸೌಟು ಆಡಿಸಿ, ಉಕ್ಕದಂತೆ ಮುಚ್ಚಳವನ್ನು ಓರೆಯಾಗಿಟ್ಟು, ಹತ್ತು ನಿಮಿಷದ ಹೊತ್ತಿಗೆ ಒಂದು ಅಗುಳನ್ನು ಬೆರಳುಗಳ ನಡುವೆ ಹಿಸುಕಿ ನೋಡಬೇಕು: ಒಳಗೆ ಸೂಜಿಮೊನೆಯಷ್ಟು ಬಿಳಿಯ ಗಟ್ಟಿ ಉಳಿದಿರುವಾಗಲೇ ಗಂಜಿ ಬಸಿಯುವುದು ಸರಿ, ಏಕೆಂದರೆ ಉಳಿದಷ್ಟು ಸಣ್ಣ ಉರಿಯ ಹಬೆಯಲ್ಲಿ ಐದು ನಿಮಿಷಕ್ಕೆ ಬೇಯುತ್ತದೆ. ಅನ್ನ ತಳ ಹಿಡಿಯುತ್ತಿದ್ದರೆ ಅದಕ್ಕೆ ತೆಳು ಪಾತ್ರೆಯೇ ಹೊಣೆಯಾಗಿರುವ ಸಂಭವ ಹೆಚ್ಚು. ಪಾತ್ರೆಯ ಅಡಿಗೆ ಹಳೆಯ ದೋಸೆ ಕಾವಲಿಯೊಂದನ್ನು ಇಟ್ಟರೆ ಶಾಖ ಹರಡುತ್ತದೆ. ಬಸಿದ ಗಂಜಿಯನ್ನು ಚೆಲ್ಲುವುದು ನಷ್ಟವೇ (ಉಪ್ಪು, ಮಜ್ಜಿಗೆ ಬೆರೆಸಿದರೆ ಕುಡಿಯಲು ಸೊಗಸು). ಕುಚ್ಚಲಕ್ಕಿಗಾದರೆ ಮೇಲೆ ಹೇಳಿದ ಬೇಯಿಸುವ ಸಮಯ ಸಾಲದು.