ಮಾರ್ಚ್ ಬಂತೆಂದರೆ ಮಗುವಿನ ಮೂಗು ಏಕೆ ಸೋರುತ್ತದೆ?

ಫೆಬ್ರುವರಿ ಮುಗಿದು ಬಿಸಿಲು ಏರತೊಡಗಿತೆಂದರೆ ಮೆಡಿಕಲ್ ಶಾಪ್‌ಗಳ ಮುಂದೆ ಒಂದೇ ಮಾತು: ‘ಮಗೂಗೆ ಶೀತ ಆಗಿದೆ, ಯಾವುದಾದ್ರೂ ಒಳ್ಳೆ ಸಿರಪ್ ಕೊಡಿ.’ ಸಿರಪ್ ಸಿಗುತ್ತದೆ. ಮಗು ಎರಡು ದಿನ ತೂಕಡಿಸುತ್ತದೆ, ಮೂಗು ಕೊಂಚ ಒಣಗುತ್ತದೆ. ಮೂರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಮತ್ತೆ ಏಳೆಂಟು ಸೀನು. ಯುಗಾದಿ ಬರುತ್ತದೆ, ಪರೀಕ್ಷೆ ಬರುತ್ತದೆ, ಶೀತ ಮಾತ್ರ ಹೋಗುವುದಿಲ್ಲ.

ವಾರಗಟ್ಟಲೆ ಬಿಡದ, ಜ್ವರವಿಲ್ಲದ, ಪ್ರತಿ ವರ್ಷ ಹೆಚ್ಚುಕಡಿಮೆ ಇದೇ ಹೊತ್ತಿಗೆ ಬರುವ ಶೀತವನ್ನು ಕಂಡರೆ ಮಕ್ಕಳ ವೈದ್ಯರಿಗೆ ಮೊದಲು ಬರುವ ಅನುಮಾನ ಪರಾಗದ ಅಲರ್ಜಿಯದು. ಗಾಳಿಯಲ್ಲಿ ತೇಲಿಬರುವ ಪರಾಗ ಮಗುವಿಗೆ ಯಾವ ಕೇಡನ್ನೂ ಮಾಡುವಂಥದ್ದಲ್ಲ. ಆದರೆ ಕೆಲವು ಮಕ್ಕಳ ದೇಹ ಅದನ್ನು ಶತ್ರುವೆಂದೇ ನಂಬಿ, ಐಜಿಇ ಎಂಬ ಪ್ರತಿಕಾಯಗಳನ್ನು ಸಜ್ಜು ಮಾಡಿಟ್ಟುಕೊಂಡಿರುತ್ತದೆ. ಮುಂದಿನ ಸಲ ಅದೇ ಪರಾಗ ಮೂಗಿನೊಳಗೆ ಬಿದ್ದಾಗ ಹಿಸ್ಟಮಿನ್ ಬಿಡುಗಡೆಯಾಗಿ ಸೀನು, ತುರಿಕೆ, ನೀರು, ಊತ ಎಲ್ಲವೂ ಶುರು.

ಮೊದಲು: ಶೀತವೋ, ಅಲರ್ಜಿಯೋ?

ಇದನ್ನು ಗುರುತಿಸಲು ಮನೆಯವರಿಗೆ ಯಾವ ಉಪಕರಣವೂ ಬೇಡ, ಮಗುವಿನ ಮುಖವನ್ನು ಸರಿಯಾಗಿ ನೋಡಿದರೆ ಸಾಕು. ವೈರಸ್‌ನಿಂದ ಬಂದ ಶೀತ ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ಇಳಿಯುತ್ತದೆ. ಜೊತೆಗೆ ಜ್ವರ, ಮೈಕೈ ನೋವು ಇರಬಹುದು, ಸಿಂಬಳ ಗಟ್ಟಿಯಾಗಬಹುದು. ಅಲರ್ಜಿಯಲ್ಲಿ ಮೂಗಿನಿಂದ ತಿಳಿನೀರು ಸುರಿಯುತ್ತದೆ, ಸೀನು ಒಂದರ ಹಿಂದೊಂದು ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಸುಳಿವು ತುರಿಕೆ. ಕಣ್ಣು ತುರಿಸುತ್ತದೆ, ಮೂಗು ತುರಿಸುತ್ತದೆ, ಅಂಗುಳವೂ ತುರಿಸಿ ಮಗು ಗಂಟಲಲ್ಲಿ ‘ಟಕ್ ಟಕ್’ ಎಂದು ಸದ್ದು ಮಾಡುತ್ತಿರುತ್ತದೆ.

ಮಗು ಮೂಗು ಉಜ್ಜುವ ಬಗೆಯನ್ನೂ ಗಮನಿಸಬೇಕು. ಅಂಗೈಯನ್ನು ಮೂಗಿನ ತುದಿಗೆ ಒತ್ತಿ, ಕೆಳಗಿನಿಂದ ಮೇಲಕ್ಕೆ ಸಲಾಂ ಹೊಡೆದಂತೆ ಉಜ್ಜುವುದು ಅಲರ್ಜಿಯ ಮಕ್ಕಳ ಅಭ್ಯಾಸ. ವೈದ್ಯರೂ ಇದನ್ನು ‘ಅಲರ್ಜಿಕ್ ಸಲ್ಯೂಟ್’ ಎಂದೇ ಕರೆಯುತ್ತಾರೆ. ತಿಂಗಳುಗಟ್ಟಲೆ ಹೀಗೆ ಉಜ್ಜಿದ ಮಗುವಿನ ಮೂಗಿನ ಮೇಲೆ, ತುದಿಗಿಂತ ಸ್ವಲ್ಪ ಮೇಲೆ, ಒಂದು ಅಡ್ಡಗೆರೆ ಮೂಡಿರುತ್ತದೆ. ಕಣ್ಣಿನ ಕೆಳಗೆ ಕಪ್ಪು ಛಾಯೆ, ಬಾಯಿ ತೆರೆದು ಉಸಿರಾಟ, ರಾತ್ರಿ ಗೊರಕೆ ಇವೂ ಜೊತೆಗಿರಬಹುದು. ರಾತ್ರಿ ಸರಿಯಾಗಿ ನಿದ್ದೆಯಾಗದ ಮಗು ಹಗಲು ತರಗತಿಯಲ್ಲಿ ಮಂಕಾಗಿ ಕೂರುತ್ತದೆ. ‘ಓದಿನಲ್ಲಿ ಗಮನವಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಕಟ್ಟಿದ ಮೂಗು.

ಎರಡು ಎಚ್ಚರಿಕೆ. ಪರಾಗದ ಅಲರ್ಜಿ ಬೆಳೆಯಲು ಒಂದೆರಡು ಋತುಗಳಾದರೂ ಬೇಕು, ಆದ್ದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಅಪರೂಪ. ಇನ್ನೊಂದು, ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರುತ್ತಿದ್ದರೆ ಅಲರ್ಜಿಯ ಯೋಚನೆ ಬಿಟ್ಟು ಇಎನ್‌ಟಿ ವೈದ್ಯರ ಬಳಿಗೆ ಹೋಗಬೇಕು. ಒಳಗೆ ಕಡಲೆಕಾಳೋ ಮಣಿಯೋ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು.

ತಪ್ಪಿತಸ್ಥ ಯಾರು?

ಬೆಂಗಳೂರಿನಲ್ಲಿ ಈ ಹೊತ್ತಿಗೆ ರಸ್ತೆ ತುಂಬ ಗುಲಾಬಿ ಬಣ್ಣದ ತಬೂಬಿಯಾ ಅರಳಿರುತ್ತದೆ, ಹಿಂದೆಯೇ ನೀಲಿ ಜಕರಂದಾ. ಮಗು ಸೀನಿದೊಡನೆ ಎಲ್ಲರ ಬೆರಳೂ ಆ ಮರಗಳ ಕಡೆಗೆ. ಪಾಪ, ಅವು ಬಹುಮಟ್ಟಿಗೆ ನಿರಪರಾಧಿಗಳು. ಅಷ್ಟು ದೊಡ್ಡ, ಅಷ್ಟು ಬಣ್ಣದ ಹೂವನ್ನು ಮರ ಬಿಡುವುದೇ ಜೇನು, ಚಿಟ್ಟೆ, ಹಕ್ಕಿಗಳನ್ನು ಕರೆಯುವುದಕ್ಕೆ. ಅವುಗಳ ಪರಾಗ ಅಂಟಂಟು, ಭಾರ. ಗಾಳಿಯಲ್ಲಿ ದೂರ ಹೋಗುವುದಿಲ್ಲ. ಕಾಟ ಕೊಡುವುದು ಯಾರೂ ಫೋಟೊ ತೆಗೆಯದ ಹೂಗಳು: ಹುಲ್ಲುಗಳು, ಸರ್ವೆ ಮರ, ಹರಳು ಗಿಡ, ಬಳ್ಳಾರಿ ಜಾಲಿ ಮತ್ತು ಖಾಲಿ ಸೈಟುಗಳ ಮಹಾರಾಜ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ.

ಕಾಂಗ್ರೆಸ್ ಗಿಡ ಅಮೆರಿಕ ಖಂಡದಿಂದ ಬಂದದ್ದು. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು, ಆಮೇಲೆ ದೇಶದ ಉದ್ದಗಲಕ್ಕೂ ಹರಡಿತು. 1991ರಲ್ಲಿ ಪ್ರಕಟವಾದ ಬೆಂಗಳೂರಿನ ಒಂದು ಅಧ್ಯಯನ, ಪರೀಕ್ಷಿಸಿದವರಲ್ಲಿ ಸುಮಾರು ಶೇ 7 ಮಂದಿಗೆ ಈ ಗಿಡದ ಪರಾಗದಿಂದಲೇ ಮೂಗಿನ ಅಲರ್ಜಿ ಇದೆ ಎಂದಿತು. ಗಿಡವನ್ನು ತಿನ್ನುವ ಝೈಗೋಗ್ರಾಮಾ ಎಂಬ ಪುಟ್ಟ ಜೀರುಂಡೆಯನ್ನು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದೂ ಉಂಟು. ಮಳೆಗಾಲದಲ್ಲಿ ಅದು ಎಲೆ ತಿನ್ನುತ್ತದೆ, ಆದರೂ ಗಿಡ ಸೋತಿಲ್ಲ.

ಊರು ಬದಲಾದರೆ ಕಾಟ ಕೊಡುವ ಗಿಡವೂ ಬದಲಾಗುತ್ತದೆ. ದೆಹಲಿಯಲ್ಲಿರುವ ಕನ್ನಡ ಕುಟುಂಬಗಳ ಮಕ್ಕಳಿಗೆ ವಸಂತದಲ್ಲಿ ತಪಸಿ ಮರದ ಪರಾಗ ಕಾಡಿದರೆ, ಟೆಕ್ಸಾಸ್‌ನ ಆಸ್ಟಿನ್‌ಗೆ ಹೋದವರಿಗೆ ಚಳಿಗಾಲದಲ್ಲೇ ಸೀಡರ್ ಮರದ ಕಾಟ. ಹೊಸ ಊರಿಗೆ ಹೋದ ಮೊದಲ ವರ್ಷವೇ ಅಲರ್ಜಿ ಕಾಣಿಸಬೇಕೆಂದಿಲ್ಲ. ಎರಡು ಮೂರು ವರ್ಷ ಆರಾಮಾಗಿದ್ದ ಮಗು ಆಮೇಲೆ ಸೀನಲು ಶುರುಮಾಡಬಹುದು.

ಒಂದು ನೋಟ್‌ಬುಕ್ ಇಡಿ

2022ರಲ್ಲಿ ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯವರು ಯಾವ ತಿಂಗಳು ಯಾವ ಪರಾಗ ಗಾಳಿಯಲ್ಲಿರುತ್ತದೆ ಎಂದು ತೋರಿಸುವ ಪರಾಗ ಪಂಚಾಂಗವನ್ನು ಆ ನಗರಕ್ಕಾಗಿ ಸಿದ್ಧಪಡಿಸಿದರು. ನಮ್ಮ ಊರುಗಳಲ್ಲಿ ಸದ್ಯಕ್ಕೆ ಮನೆಯವರೇ ತಮ್ಮ ಮಗುವಿನ ಪಂಚಾಂಗ ಬರೆದುಕೊಳ್ಳುವುದು ಲೇಸು. ಗೋಡೆಯ ಕ್ಯಾಲೆಂಡರ್‌ನ ಮೂಲೆಯಾದರೂ ಸಾಕು. ಸೀನು ಯಾವಾಗ, ಬೆಳಿಗ್ಗೆಯೋ ಆಟ ಮುಗಿಸಿ ಬಂದ ಮೇಲೋ? ಅಜ್ಜಿಯ ಊರಿಗೆ ಹೋದಾಗ ಕಡಿಮೆಯಾಯಿತೇ? ಮಳೆ ಬಂದ ಮರುದಿನ ಹೇಗಿತ್ತು? ಕೊಟ್ಟ ಔಷಧ ಯಾವುದು?

ನೋಟ್‌ಬುಕ್‌ನ ಈ ಟಿಪ್ಪಣಿ ಇನ್ನೊಂದು ಗೊಂದಲವನ್ನೂ ಬಿಡಿಸುತ್ತದೆ. ವರ್ಷವಿಡೀ ಸೀನುವ ಮಗುವಿಗೆ ಪರಾಗಕ್ಕಿಂತ ಹಾಸಿಗೆಯ ಧೂಳುಹುಳ, ಜಿರಳೆ, ಗೋಡೆಯ ಬೂಷ್ಟು ಕಾರಣವಾಗಿರಬಹುದು. ಅಂಥ ಮನೆಯಲ್ಲಿ ಕಿಟಕಿ ಮುಚ್ಚಿ ಕೂತರೆ ತೊಂದರೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಮನೆಯ ದಿನಚರಿ

ಒಣಹವೆ, ಗಾಳಿ, ಬಿಸಿಲು ಮೂರೂ ಸೇರಿದ ದಿನ ಪರಾಗ ಹೆಚ್ಚು. ಅನೇಕ ಹುಲ್ಲು, ಗಿಡಗಳು ಬೆಳಿಗ್ಗೆಯೇ ಪರಾಗ ಉದುರಿಸುವುದರಿಂದ ಬೆಳಗಿನ ಹೊತ್ತು ಕಿಟಕಿ ಮುಚ್ಚಿ, ಸಂಜೆ ಗಾಳಿ ತಣ್ಣಗಾದ ಮೇಲೆ ತೆರೆಯುವುದು ಒಳ್ಳೆಯದು. ಶಾಲೆಯ ವ್ಯಾನ್‌ನಲ್ಲಿ ಕಿಟಕಿಯ ಪಕ್ಕದ ಸೀಟಿನ ಮೋಹವನ್ನು ಒಂದು ತಿಂಗಳು ಬಿಡಿಸಬೇಕಾದೀತು. ಆಟ ಮಾತ್ರ ನಿಲ್ಲಿಸುವುದು ಬೇಡ. ಕ್ಯಾಪ್, ಕನ್ನಡಕ ಹಾಕಿಸಿ, ಹೂಬಿಟ್ಟ ಹುಲ್ಲಿನ ಮೈದಾನದ ಬದಲು ಬೇರೆ ಜಾಗ ನೋಡಿದರಾಯಿತು.

ಮಗು ಆಡಿ ಬಂದಾಗ ಪರಾಗವೂ ಕೂದಲಲ್ಲಿ, ಬಟ್ಟೆಯಲ್ಲಿ ಕೂತು ಒಳಗೆ ಬರುತ್ತದೆ. ಬಂದ ಕೂಡಲೇ ಬಟ್ಟೆ ಬದಲಿಸಿ ಮುಖ, ಕಣ್ಣು ತೊಳೆಸಬೇಕು. ಸ್ನಾನವನ್ನು ಬೆಳಿಗ್ಗೆಯಿಂದ ರಾತ್ರಿಗೆ ಬದಲಿಸಿಕೊಂಡರೆ ದೊಡ್ಡ ಲಾಭ. ತಲೆಗೂದಲು ತೊಳೆಯದೆ ಮಲಗಿದ ಮಗು ಇಡೀ ರಾತ್ರಿ ದಿಂಬಿನ ಮೇಲಿನ ಪರಾಗವನ್ನೇ ಉಸಿರಾಡುತ್ತದೆ. ತಾರಸಿಯ ಬಿಸಿಲಲ್ಲಿ ಒಣಗಿದ ಬೆಡ್‌ಶೀಟಿನ ವಾಸನೆ ಎಲ್ಲರಿಗೂ ಇಷ್ಟ, ನಿಜ. ಆದರೆ ಈ ಮಗುವಿನ ಹಾಸಿಗೆ ಬಟ್ಟೆ, ಸಮವಸ್ತ್ರವನ್ನಾದರೂ ಒಳಗೆ ಒಣಹಾಕಬೇಕು. ಪೊರಕೆ ಎಬ್ಬಿಸುವ ಧೂಳಿಗಿಂತ ಒದ್ದೆ ಬಟ್ಟೆಯ ಒರಸುವಿಕೆ ವಾಸಿ. ಸೊಳ್ಳೆ ಬತ್ತಿ, ಊದುಬತ್ತಿ, ಬೀದಿಯಲ್ಲಿ ಸುಡುವ ತರಗೆಲೆಯ ಹೊಗೆ ಇವು ಅಲರ್ಜಿ ತರುವುದಿಲ್ಲ, ಆದರೆ ಮೊದಲೇ ಕೆರಳಿದ ಮೂಗನ್ನು ಇನ್ನಷ್ಟು ಕೆರಳಿಸುತ್ತವೆ.

ಏಪ್ರಿಲ್‌ನ ಮುಂಗಾರುಪೂರ್ವ ಮಳೆಯ ಬಗ್ಗೆ ಒಂದು ಮಾತು. ಸುರಿದ ಮಳೆ ಗಾಳಿಯನ್ನು ತೊಳೆಯುತ್ತದೆ. ಗುಡುಗಿನೊಂದಿಗೆ ಬೀಸುವ ಮೊದಲ ಗಾಳಿ ಹಾಗಲ್ಲ. ತೇವಕ್ಕೆ ಪರಾಗದ ಕಣಗಳು ಒಡೆದು, ಶ್ವಾಸಕೋಶದ ಒಳಗೇ ಇಳಿಯುವಷ್ಟು ಸಣ್ಣ ಚೂರುಗಳಾಗಬಹುದು. 2016ರ ನವೆಂಬರ್‌ನಲ್ಲಿ, ಅಂದರೆ ಅಲ್ಲಿನ ವಸಂತದಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಗುಡುಗು ಮಳೆಯ ಒಂದೇ ಸಂಜೆ ಸಾವಿರಾರು ಜನ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದರು, 10 ಮಂದಿ ಸತ್ತರು. ಉಬ್ಬಸ ಇರುವ ಮಗುವನ್ನು ಗಾಳಿ ಏಳುತ್ತಿದ್ದಂತೆ ಒಳಗೆ ಕರೆದುಕೊಳ್ಳಬೇಕು.

ಊಟದ ವಿಷಯದಲ್ಲಿ ಅನಗತ್ಯ ಶಿಕ್ಷೆ ಬೇಡ. ಬಾಳೆಹಣ್ಣು, ಮೊಸರು, ಸೌತೆಕಾಯಿ ನಿಲ್ಲಿಸಿದರೆ ಪರಾಗದ ಅಲರ್ಜಿ ಕಡಿಮೆಯಾಗುವುದಿಲ್ಲ.

ಮೂಗು ತೊಳೆಯುವುದು

ಅತಿ ಸರಳ, ಅತಿ ಕಡಿಮೆ ಖರ್ಚಿನ ಉಪಾಯವಿದು. ಮೆಡಿಕಲ್‌ಗಳಲ್ಲಿ ಸಿಗುವ ಉಪ್ಪುನೀರಿನ ಹನಿ ಅಥವಾ ಸ್ಪ್ರೇ ಪರಾಗವನ್ನೂ ಲೋಳೆಯನ್ನೂ ತೊಳೆದು ಹಾಕುತ್ತದೆ. ಆಟ ಮುಗಿಸಿ ಬಂದಾಗ ಒಮ್ಮೆ, ಮಲಗುವ ಮುನ್ನ ಒಮ್ಮೆ ಹಾಕಬಹುದು. ದೊಡ್ಡ ಮಕ್ಕಳಿಗೆ ಬಾಟಲಿಯಿಂದಲೋ ನೇತಿ ಪಾತ್ರೆಯಿಂದಲೋ ಜಲನೇತಿ ಮಾಡಿಸುವವರು ಒಂದು ನಿಯಮವನ್ನು ಮೀರಲೇಬಾರದು: ನಲ್ಲಿಯ ನೀರನ್ನು ನೇರವಾಗಿ ಬಳಸಬಾರದು. ಕುದಿಸಿ ಆರಿಸಿದ ನೀರೇ ಆಗಬೇಕು. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಜೀವ ತೆಗೆದ ಮಿದುಳು ತಿನ್ನುವ ಅಮೀಬಾ ದೇಹ ಹೊಕ್ಕುವುದು ಮೂಗಿನ ದಾರಿಯಲ್ಲೇ.

ಬಿಸಿನೀರಿನ ಬೋಗುಣಿ ಇಟ್ಟು ಹಬೆ ಕೊಡಿಸುವುದು ಅಲರ್ಜಿಗೆ ಮದ್ದಲ್ಲ. ಬೋಗುಣಿ ಉರುಳಿ ತೊಡೆ ಸುಟ್ಟುಕೊಂಡ ಮಕ್ಕಳು ಮಾತ್ರ ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ.

ಔಷಧ: ಸಿರಪ್‌ನ ಮೋಹ, ಸ್ಪ್ರೇಯ ಭಯ

ನಮ್ಮಲ್ಲಿ ನಡೆಯುವುದು ಪೂರಾ ತಲೆಕೆಳಗು. ಹೆದರಬೇಕಾದ ಸಿರಪ್ಪನ್ನು ಕೇಳಿ ಪಡೆಯುತ್ತಾರೆ, ಕೆಲಸ ಮಾಡುವ ಸ್ಪ್ರೇಗೆ ಹೆದರುತ್ತಾರೆ.

ಶೀತದ ಸಿರಪ್‌ಗಳಲ್ಲಿ ಸಾಮಾನ್ಯವಾಗಿರುವ ಕ್ಲೋರ್‌ಫೆನಿರಮಿನ್ ಹಳೆಯ ಕಾಲದ ಆಂಟಿಹಿಸ್ಟಮಿನ್. ನಿದ್ದೆ ಬರಿಸುತ್ತದೆ, ಕಲಿಕೆಗೆ ಅಡ್ಡಿಯಾಗುತ್ತದೆ. ಅದರೊಂದಿಗೆ ಫಿನೈಲೆಫ್ರಿನ್ ಬೆರೆಸಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದು ಎಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕಲಬೆರಕೆಯ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಸತ್ತ ಮೇಲೆ, ಎರಡು ವರ್ಷದೊಳಗಿನವರಿಗೆ ಕೆಮ್ಮು, ಶೀತದ ಔಷಧವೇ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಮತ್ತೆ ಎಚ್ಚರಿಸಿತು.

ಅಲರ್ಜಿಗೆ ವೈದ್ಯರು ಈಗ ಬರೆಯುವುದು ಸೆಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್‌ನಂಥ ಹೊಸ ಪೀಳಿಗೆಯ ಆಂಟಿಹಿಸ್ಟಮಿನ್‌ಗಳನ್ನು. ಇವು ಸೀನು, ತುರಿಕೆಯನ್ನು ಬೇಗ ತಗ್ಗಿಸುತ್ತವೆ. ಮೂಗು ಕಟ್ಟುವುದೇ ಮುಖ್ಯ ತೊಂದರೆಯಾಗಿದ್ದರೆ ಮೂಗಿನ ಸ್ಟೆರಾಯ್ಡ್ ಸ್ಪ್ರೇಯೇ ಹೆಚ್ಚು ಪರಿಣಾಮಕಾರಿ. ಸ್ಟೆರಾಯ್ಡ್ ಎಂದೊಡನೆ ಮನೆಯ ಹಿರಿಯರು ಬೆಚ್ಚುತ್ತಾರೆ. ಆದರೆ ಒಂದು ಸಲ ಒತ್ತಿದಾಗ ಹೊರಬರುವ ಪ್ರಮಾಣ ಮೈಕ್ರೋಗ್ರಾಂ ಲೆಕ್ಕದ್ದು, ರಕ್ತಕ್ಕೆ ಸೇರುವುದು ಅದರಲ್ಲೂ ಅತ್ಯಲ್ಪ. ಮೊಮೆಟಸೋನ್‌ನಂಥ ಸ್ಪ್ರೇಯನ್ನು ಎರಡು ವರ್ಷ ದಾಟಿದ ಮಕ್ಕಳಿಗೂ ವೈದ್ಯರು ಕೊಡುತ್ತಾರೆ. ತಿಂಗಳುಗಟ್ಟಲೆ ಬಳಸುವುದಾದರೆ ಮಗುವಿನ ಎತ್ತರವನ್ನು ಆಗಾಗ ಅಳೆಯುತ್ತಾರೆ, ಅಷ್ಟೆ.

‘ಸ್ಪ್ರೇ ಹಾಕಿದರೂ ಪ್ರಯೋಜನವಿಲ್ಲ’ ಎನ್ನುವವರಲ್ಲಿ ಬಹಳ ಮಂದಿ ಹಾಕುವ ರೀತಿಯೇ ಸರಿಯಿರುವುದಿಲ್ಲ. ಮಗುವಿನ ತಲೆಯನ್ನು ಹಿಂದಕ್ಕೆ ಎತ್ತಿ ಹೊಡೆದರೆ ಔಷಧ ಗಂಟಲಿಗೆ ಜಾರುತ್ತದೆ. ಮೊದಲು ಮೂಗು ಸೀಟಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಬೇಕು. ಬಾಟಲಿ ಅಲುಗಾಡಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಿಡಿಯಬೇಕು. ಹೀಗೆ ಮಾಡಿದರೆ ತುದಿ ತಾನಾಗಿಯೇ ಕಿವಿಯ ಕಡೆಗೆ ತಿರುಗುತ್ತದೆ, ನಡುಗೋಡೆಗೆ ತಾಗಿ ರಕ್ತ ಬರುವುದಿಲ್ಲ. ಒತ್ತುವಾಗ ಹೂವಿನ ವಾಸನೆ ನೋಡುವಷ್ಟೇ ಮೆಲ್ಲಗೆ ಉಸಿರೆಳೆಯಲಿ. ಜೋರಾಗಿ ಎಳೆದರೆ ಅದೂ ಗಂಟಲಿಗೇ. ಪರಿಣಾಮ ಪೂರ್ತಿ ಕಾಣಲು ಒಂದೆರಡು ವಾರ ಬೇಕು. ಆದ್ದರಿಂದಲೇ ನೋಟ್‌ಬುಕ್‌ನಲ್ಲಿ ‘ಕಳೆದ ವರ್ಷ ಫೆಬ್ರುವರಿ ಕೊನೆಗೆ ಶುರು’ ಎಂದಿದ್ದರೆ, ಈ ವರ್ಷ ಫೆಬ್ರುವರಿ ಮಧ್ಯದಲ್ಲೇ ವೈದ್ಯರನ್ನು ಕೇಳಿ ಆರಂಭಿಸಬಹುದು.

ಮೂಗನ್ನು ಕ್ಷಣದಲ್ಲಿ ಬಿಡಿಸುವ ಕ್ಸೈಲೊಮೆಟಜೊಲಿನ್ ಹನಿಗಳ ಕತೆ ಬೇರೆ. ನಾಲ್ಕೈದು ದಿನ ಮೀರಿ ಹಾಕಿದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಮಾಂಟೆಲುಕಾಸ್ಟ್ ಇರುವ ಮಾತ್ರೆ ಬರೆದುಕೊಟ್ಟಿದ್ದರೆ ಮಗುವಿನ ನಿದ್ದೆ, ಕೆಟ್ಟ ಕನಸು, ಸಿಡುಕಿನ ಮೇಲೆ ಕಣ್ಣಿಡಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಔಷಧಕ್ಕೆ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿದೆ.

ವೈದ್ಯರ ಬಳಿ ಯಾವಾಗ?

ರಾತ್ರಿ ಕೆಮ್ಮು, ಓಡಿದಾಗ ಎದೆಯಲ್ಲಿ ಸುಯ್ ಸದ್ದು ಇದ್ದರೆ ಅಲರ್ಜಿ ಮೂಗಿನಿಂದ ಶ್ವಾಸಕೋಶಕ್ಕೆ ಇಳಿದಿದೆಯೇ ಎಂದು ನೋಡಿಸಬೇಕು. ಉಸಿರಾಡುವಾಗ ಪಕ್ಕೆಲುಬು ಒಳಕ್ಕೆ ಎಳೆಯುತ್ತಿದ್ದರೆ, ಮಗು ಒಂದು ವಾಕ್ಯ ಪೂರ್ತಿ ಆಡಲಾರದೆ ಏದುತ್ತಿದ್ದರೆ, ತುಟಿ ನೀಲಿಯಾದರೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

ಮದ್ದಿಗೂ ಬಗ್ಗದಿದ್ದರೆ ಅಲರ್ಜಿ ತಜ್ಞರು ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಒಂದು ವಾರ ಮೊದಲಿನಿಂದಲೇ ಆಂಟಿಹಿಸ್ಟಮಿನ್ ನಿಲ್ಲಿಸಬೇಕಾಗಬಹುದು, ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಕೇಳಿಕೊಳ್ಳಬೇಕು. ತಪ್ಪಿತಸ್ಥ ಪರಾಗ ಖಚಿತವಾದರೆ ಇಮ್ಯುನೊಥೆರಪಿ ಎಂಬ ದಾರಿಯಿದೆ. ಅದೇ ಪರಾಗದ ಸಾರವನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾ ದೇಹವನ್ನು ಪಳಗಿಸುವ ಈ ಚಿಕಿತ್ಸೆಯನ್ನು ಸಾಮಾನ್ಯವಾಗಿ ಐದು ವರ್ಷ ದಾಟಿದವರಿಗೆ ಶುರುಮಾಡುತ್ತಾರೆ. ಮೂರರಿಂದ ಐದು ವರ್ಷ ನಡೆಯುತ್ತದೆ, ತಾಳ್ಮೆಯೂ ಹಣವೂ ಬೇಕು.

ಶಾಲೆಯ ಪರೀಕ್ಷೆಗಳ ದಿನಗಳಲ್ಲಿ ಶಿಕ್ಷಕರಿಗೆ ಒಂದು ಚೀಟಿ ಕೊಡುವುದು ಒಳ್ಳೆಯದು. ಇದು ಅಂಟುವ ಶೀತವಲ್ಲ, ಮಗುವನ್ನು ಬೇರೆ ಕೂರಿಸಬೇಕಿಲ್ಲ, ಮೈದಾನದ ಕಿಟಕಿಯಿಂದ ದೂರ ಜಾಗ ಕೊಟ್ಟರೆ ಸಾಕು ಎಂದು. ಹೊಸ ಔಷಧವನ್ನು ಪರೀಕ್ಷೆಯ ಬೆಳಿಗ್ಗೆ ಮೊದಲ ಬಾರಿಗೆ ಕೊಡುವ ಪ್ರಯೋಗ ಮಾತ್ರ ಬೇಡ.

ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಎದ್ದಿದ್ದರೆ ಬಿಳಿ ಹೂ ಕಾಣುವ ಮೊದಲೇ ಬೇರುಸಹಿತ ಕೀಳಿಸಬೇಕು. ಮಳೆ ಬಿದ್ದ ಮರುದಿನ ಮಣ್ಣು ಸಡಿಲವಿರುವಾಗ ಸುಲಭ. ಕೀಳುವವರು ದೊಡ್ಡವರೇ ಆಗಿರಲಿ, ಕೈಗವಸು, ಮಾಸ್ಕ್, ತುಂಬುತೋಳಿನ ಬಟ್ಟೆ ಇರಲಿ, ಏಕೆಂದರೆ ಆ ಗಿಡ ಸೋಕಿದರೆ ಚರ್ಮಕ್ಕೂ ತುರಿಕಜ್ಜಿ ಹತ್ತುತ್ತದೆ. ಶ್ರಮದಾನದ ಹೆಸರಿನಲ್ಲಿ ಶಾಲೆಗಳು ಈ ಕೆಲಸಕ್ಕೆ ಮಕ್ಕಳನ್ನೇ ಇಳಿಸುವುದುಂಟು. ಹಾಗೆ ಕರೆದರೆ ಅಲರ್ಜಿ ಇರುವ ಮಗುವನ್ನು ಕಳಿಸಬಾರದು.