ಪಾಚಿ ಕಂಡಲ್ಲೆಲ್ಲ ಹಾನಿಯಿಲ್ಲ

ಹಳೆಯ ಕಲ್ಲುಕಟ್ಟಡಗಳ ಸ್ಥಿತಿಗತಿ ನೋಡಿ ವರದಿ ಬರೆಯುವ ಕೆಲಸ ನನಗೆ ಮೊದಲು ಕಲಿಸಿದ್ದು ಇಷ್ಟು: ಕಲ್ಲಿನ ಮೇಲೆ ಏನೋ ಬೆಳೆದಿದೆ ಎನ್ನುವುದು ಒಂದು ಸಂಗತಿ, ಅದರಿಂದ ಕಲ್ಲು ಕೆಡುತ್ತಿದೆ ಎನ್ನುವುದು ಇನ್ನೊಂದು. ಮೊದಲನೆಯದು ಕಣ್ಣಿಗೇ ಕಾಣುತ್ತದೆ. ಎರಡನೆಯದಕ್ಕೆ ಪುರಾವೆ ಬೇಕು. ನಾನು ನೋಡಿದ ಎಷ್ಟೋ ತಪಾಸಣಾ ಪಟ್ಟಿಗಳಲ್ಲಿ ಮಾತ್ರ ‘ಜೈವಿಕ ಹಾನಿ’ ಎಂಬ ಒಂದೇ ಕಾಲಂ. ಮಳೆಗಾಲದ ಹಸಿರು ಪಾಚಿ, ವರ್ಷಗಟ್ಟಲೆ ಅಂಟಿಕೊಂಡ ಕಲ್ಲುಹೂವು, ಕಪ್ಪು ಕಲೆ, ಸಂದಿಯಲ್ಲಿ ಚಿಗುರಿದ ಅರಳಿ ಸಸಿ, ಬಾವಲಿಯ ಹಿಕ್ಕೆ ಎಲ್ಲವೂ ಅದರೊಳಗೇ ಸೇರುತ್ತವೆ. ಕಾಲಂ ತುಂಬಿದ ಕೂಡಲೇ ಪರಿಹಾರವೂ ಸಿದ್ಧ: ಅಮೋನಿಯಾ ದ್ರಾವಣ, ಬ್ರಷ್, ನೀರು.

ಕಲ್ಲುಹೂವಿನ ಮೇಲಿರುವ ಆರೋಪ ಸುಳ್ಳೇನಲ್ಲ. ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಈ ಜೀವಿಯ ಎಳೆಗಳು ಕಲ್ಲಿನ ಕಣಗಳ ನಡುವೆ ಇಳಿಯುತ್ತವೆ. ಅದು ಒಸರುವ ಆಕ್ಸಾಲಿಕ್ ಆಮ್ಲ ಖನಿಜಗಳನ್ನು ಸಡಿಲಿಸುತ್ತದೆ. ನೆನೆದಾಗ ಹಿಗ್ಗಿ, ಒಣಗಿದಾಗ ಕುಗ್ಗುತ್ತಾ ಕಣಗಳನ್ನು ಎಳೆಯುತ್ತದೆ. ಆದರೆ ಇದರ ಪರಿಣಾಮ ಕಲ್ಲಿನಿಂದ ಕಲ್ಲಿಗೆ ಬೇರೆ. ಹಂಪಿಯ ಕಣಶಿಲೆ, ಬಾದಾಮಿಯ ಮರಳುಗಲ್ಲು, 1117ರ ಬೇಲೂರಿನಲ್ಲೂ 1258ರ ಸೋಮನಾಥಪುರದಲ್ಲೂ ಕೆತ್ತನೆಗೆ ಒಲಿದ ಮೆತ್ತನೆಯ ಬಳಪದ ಕಲ್ಲು, ಮೂರಕ್ಕೂ ಒಂದೇ ತೀರ್ಪು ಹೊಂದದು. ಆದ್ದರಿಂದ ನಾನು ನೆಚ್ಚಿಕೊಂಡ ಕ್ರಮವೆಂದರೆ ಪಕ್ಕದ ಕಲ್ಲಿನೊಂದಿಗೆ ಹೋಲಿಸುವುದು. ಅದೇ ಜಾತಿಯ ಕಲ್ಲು, ಅದೇ ಎತ್ತರ, ಅದೇ ದಿಕ್ಕು, ಆದರೆ ಮೇಲೆ ಏನೂ ಬೆಳೆಯದ ಜಾಗ. ಅಲ್ಲಿಯೂ ಪಟ್ಟಿಕೆಯ ಅಂಚು ಅಷ್ಟೇ ಸವೆದಿದ್ದರೆ ದೋಷ ಕಲ್ಲುಹೂವಿನದಲ್ಲ. ಮಳೆ, ಲವಣ ಅಥವಾ ಕಲ್ಲಿನ ಪದರಗಳಲ್ಲಿ ಅದನ್ನು ಹುಡುಕಬೇಕು. ಬೆಳವಣಿಗೆಯ ಅಂಚಿನಲ್ಲಿ ಉಳಿಯ ಗುರುತು ಇನ್ನೂ ಹರಿತವಾಗಿದ್ದು ಬರಿಗಲ್ಲಿನಲ್ಲಿ ಮಾಸಿದ್ದರೆ, ಆ ಪದರ ಬಿಸಿಲು ಮಳೆಗಳಿಗೆ ತಡೆಯಾಗಿ ನಿಂತಿರುವ ಸಾಧ್ಯತೆಯನ್ನೂ ಒಪ್ಪಬೇಕು.

ಇದಕ್ಕೆಲ್ಲ ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ತಾನಾಗಿ ಉದುರಿದ ಕಲ್ಲುಹೂವಿನ ಚೂರೊಂದನ್ನು ಮಗುಚಿ, ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಅದರ ತಳ ನೋಡಿದರೆ ಕಲ್ಲಿನ ಕಣಗಳು ಜೊತೆಗೆ ಎದ್ದು ಬಂದಿವೆಯೋ ಇಲ್ಲವೋ ತಿಳಿಯುತ್ತದೆ. ಕಪ್ಪು ಕಲೆಯ ಮೇಲೆ ನಾಲ್ಕು ಹನಿ ಶುದ್ಧ ನೀರು ಬಿಟ್ಟು ಕಾದರೆ, ಸಯನೋಬ್ಯಾಕ್ಟೀರಿಯಾದ ಪದರ ಉಬ್ಬಿ ಲೋಳೆಯಾಗುತ್ತದೆ. ದೀಪದ ಮಸಿ ಹಾಗೆ ಉಬ್ಬುವುದಿಲ್ಲ. ಆ ಕಪ್ಪು ಎಲ್ಲಿಂದ ಇಳಿದು ಬಂದಿದೆ ಎಂದು ಮೇಲಕ್ಕೆ ನೋಡುತ್ತಾ ಹೋದರೆ ಬಿರುಕು ಬಿಟ್ಟ ಚಾವಣಿಯ ಗಾರೆಯೋ, ಕಟ್ಟಿಕೊಂಡ ನೀರಿನ ದೋಣಿಯೋ ಸಿಗುವುದುಂಟು. ಆಗ ಬೆಳವಣಿಗೆಯೇ ಸೋರಿಕೆಯ ನಕ್ಷೆ. ಅದನ್ನು ಮೊದಲೇ ಉಜ್ಜಿ ತೆಗೆದರೆ ಕಲೆಯ ಜೊತೆಗೆ ಸಾಕ್ಷ್ಯವೂ ಹೋಗುತ್ತದೆ. ಸೋರಿಕೆ ನಿಲ್ಲದಿದ್ದರೆ ಕಲೆ ಮರಳುತ್ತದೆ.

‘ಪುರಾವೆ ಹುಡುಕುತ್ತಾ ಕೂತರೆ ಅಷ್ಟರಲ್ಲಿ ಶಿಲ್ಪವೇ ಹಾಳಾಗುವುದಿಲ್ಲವೇ, ಮುಂಜಾಗ್ರತೆಗೆ ತೆಗೆದುಬಿಟ್ಟರೆ ನಷ್ಟವೇನು?’ ಎಂದು ಕೇಳುವವರಿದ್ದಾರೆ. ಕಲ್ಲಿಗೆ ಚಕ್ಕೆಯಾಗಿ ಅಂಟಿದ ಕಲ್ಲುಹೂವು ಬಹುತೇಕ ವರ್ಷಕ್ಕೆ ಒಂದೆರಡು ಮಿಲಿಮೀಟರ್‌ಗಿಂತ ಹೆಚ್ಚು ಹರಡುವುದಿಲ್ಲ. ಒಂದು ಮಳೆಗಾಲ ಕಾದು ನೋಡುವಷ್ಟು ಸಮಯ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬ್ರಷ್ಷಿನಿಂದ ಹೋದ ಕಣವನ್ನು ಮಾತ್ರ ಮತ್ತೆ ಕೂಡಿಸಲಾಗದು. ಕಾಂಬೋಡಿಯಾದ ಅಂಗ್ಕೋರ್ ವಾಟ್‌ನ ಮರಳುಗಲ್ಲಿನ ಮೇಲೆ 1986ರಿಂದ 1993ರವರೆಗೆ ಭಾರತದ ಪುರಾತತ್ವ ಸರ್ವೇಕ್ಷಣ ಇಲಾಖೆ ಕೈಗೊಂಡ ಕೆಲಸದಲ್ಲಿ ಶುಚಿಗೊಳಿಸಿದ ವಿಧಾನವೇ ಜಗತ್ತಿನ ಸಂರಕ್ಷಣಾಕಾರರ ನಡುವೆ ದೊಡ್ಡ ವಿವಾದವಾಯಿತು. ಯುದ್ಧದ ನಡುವೆ, ಬೇರೆಯವರು ಮುಂದೆ ಬಾರದ ಹೊತ್ತಿನಲ್ಲಿ ನಡೆದ ಕೆಲಸ ಅದು ಎನ್ನುವುದೂ ನ್ಯಾಯವೇ. ಆದರೆ ತೊಳೆಯುವುದೂ ಕಲ್ಲಿನ ಮೇಲೊಂದು ಪ್ರಹಾರ ಎಂಬ ಎಚ್ಚರವನ್ನು ಆ ವಿವಾದ ಉಳಿಸಿಹೋಗಿದೆ. ಕಾಯಬಾರದ ಸಂದರ್ಭವೂ ಉಂಟು: ಹಕ್ಕಿಯ ಹಿಕ್ಕೆಯಿಂದ ಸಂದಿಯಲ್ಲಿ ಹುಟ್ಟಿದ ಅರಳಿ, ಆಲದ ಸಸಿಯನ್ನು ಎರಡೆಲೆ ಇರುವಾಗಲೇ ಬೇರುಸಹಿತ ತೆಗೆಯಬೇಕು. ಬೇರು ದಪ್ಪವಾದ ಮೇಲೆ ಕಿತ್ತರೆ ಕಲ್ಲೂ ಕದಲುತ್ತದೆ. ಮೇಲಷ್ಟೇ ಕಡಿದರೆ ಮತ್ತೆ ಚಿಗುರುತ್ತದೆ.

ಇನ್ನೊಂದು ಆಕ್ಷೇಪ ಪೂಜೆ ನಡೆಯುವ ಗುಡಿಗಳದು: ದೇವಸ್ಥಾನ ಕಪ್ಪುಗಟ್ಟಿ ನಿಂತರೆ ಭಕ್ತರಿಗೆ ಸರಿ ಕಾಣುವುದಿಲ್ಲ. ಈ ಮಾತಿಗೆ ಬೆಲೆಯಿದೆ, ಅಂದವೂ ಕಟ್ಟಡದ ಮೌಲ್ಯವೇ. ಹಾಗಾದರೆ ವರದಿಯಲ್ಲಿ ಅದನ್ನು ಅಂದದ ಕಾರಣವೆಂದೇ ಬರೆಯಬೇಕು, ಹಾನಿಯ ಹೆಸರಿನಲ್ಲಿ ಅಲ್ಲ. ಕಾರಣ ಅಂದವಾದರೆ ಕಲ್ಲು ಎಷ್ಟು ತಡೆಯುತ್ತದೋ ಅಷ್ಟೇ, ಅಂದರೆ ನುಣುಪಾದ ಗಟ್ಟಿ ಭಾಗದಲ್ಲಿ ಮೃದುವಾಗಿ ತೊಳೆದು, ಪುಡಿಯುದುರುವ ಕೆತ್ತನೆಯನ್ನು ಮುಟ್ಟದೆ ಬಿಡಲು ಸಾಧ್ಯ. ಹಾನಿ ಎಂದು ಬರೆದರೆ ಗುತ್ತಿಗೆದಾರ ಕೊನೆಯ ಕಲೆ ಹೋಗುವವರೆಗೂ ಉಜ್ಜುತ್ತಾನೆ. ಒಂದೇ ಕಾಲಂ ಇರುವಲ್ಲಿ ನಾನು ಮೂರು ಕೇಳುವುದು ಇದಕ್ಕಾಗಿ: ಏನು ಬೆಳೆದಿದೆ, ಕಲ್ಲಿಗೆ ಏನಾಗುತ್ತಿದೆ, ನೀರು ಎಲ್ಲಿಂದ ಬರುತ್ತಿದೆ. ಎರಡನೆಯದು ಖಾಲಿ ಉಳಿದರೆ ಮೂರನೆಯದನ್ನು ಸರಿಪಡಿಸಿ, ಮೊದಲನೆಯದನ್ನು ಮುಂದಿನ ಮಳೆಗಾಲದವರೆಗೆ ಹಾಗೆಯೇ ಬಿಡಬಹುದು.